ಮುನ್ನುಡಿಯವರ ಮೂರು ಮಾತು

ನನ್ನ ಕಾದಂಬರಿಯ ಎರಡನೆಯ ಮುದ್ರಣವನ್ನು ನಾನು ಹೊರತಂದದ್ದು ಸೇಡು ತೀರಿಸಿಕೊಳ್ಳುವುದಕ್ಕೆ. ಇದನ್ನು ಆಗ ಯಾರಿಗೂ ಹೇಳಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ಓದುಗರ ಅಪೇಕ್ಷೆಯ ಮೇರೆಗೆ’ ಎಂದು ಹಾಕಿದ್ದೆ. ಓದುಗರ ಅಪೇಕ್ಷೆ ಇದ್ದದ್ದು ಸುಳ್ಳೇನಲ್ಲ. ಆದರೆ ಆ ಬೇಸಿಗೆಯಿಡೀ ಹೊನ್ನಾವರದ ನನ್ನ ಡಿಟಿಪಿ ಅಂಗಡಿಯಲ್ಲಿ, ಫ್ಯಾನು ಬಿಸಿಗಾಳಿ ಬೀಸುತ್ತಿದ್ದಾಗಲೂ, ನನ್ನನ್ನು ಕಂಪ್ಯೂಟರಿನ ಎದುರು ಕೂರಿಸಿದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟು.

ನನ್ನ ಹೊಟ್ಟೆಪಾಡು ಅಕ್ಷರ ಜೋಡಿಸುವುದು. ಮದುವೆಯ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ವರ್ಷಕ್ಕೆ ಕೆಲವು ಪುಸ್ತಕ. ಬೇರೆಯವರ ಪುಸ್ತಕಗಳ ಕಾಗುಣಿತ ತಿದ್ದಿ ತಿದ್ದಿ ಸಾಕಾಗಿ ಒಂದು ಸಲ ನಾನೇ ಕಾದಂಬರಿ ಬರೆದೆ. ಹದಿಹರೆಯದವರು ಓದಲೆಂದು ಬರೆದದ್ದು. ಪಿಯುಸಿ ಓದುವ ಇಬ್ಬರು ಹುಡುಗರು, ಒಬ್ಬ ಪ್ರಜ್ವಲ, ಮಿರ್ಜಾನ ಊರಿನ ಕಡೆಯ ತೋಟದ ಮನೆಯವನು; ಇನ್ನೊಬ್ಬ ನಾಗೇಶ, ಮೀನುಗಾರರ ಕೇರಿಯವನು. ಕುಮಟಾದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತ ಹೋಗುತ್ತ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಕೊನೆಗೆ ವಿಷಯ ಮನೆಯವರಿಗೆ ತಿಳಿದು ನಾಗೇಶ ಮುಂಬೈಯ ಮಾವನ ಮನೆಗೆ ಹೊರಟುಹೋಗುತ್ತಾನೆ. ಅಷ್ಟೇ ಕಥೆ.

ಪುಸ್ತಕದ ಹಿಂದೆ ಫೋನ್ ನಂಬರು ಹಾಕಿದ್ದೆ. ಕರೆಗಳು ಬರತೊಡಗಿದವು. ಒಬ್ಬರು, ನಿವೃತ್ತ ಅರಣ್ಯ ನೌಕರರು, ಹುಡುಗರ ವಿಚಾರವನ್ನೇ ಎತ್ತದೆ, ‘ನೀವು ಬರೆದ ಹಾಗೆ ಅಘನಾಶಿನಿಯಲ್ಲಿ ಆ ಹೊತ್ತಿಗೆ ಇಳಿತ ಇರುವುದಿಲ್ಲ’ ಎಂದು ವಾದ ಮಾಡಿದರು. ಒಬ್ಬ ಮಾಸ್ತರರು ತಮ್ಮ ಪ್ರತಿಗೆ ಗಣಿತದ ಪುಸ್ತಕದ ರಟ್ಟು ಅಂಟಿಸಿ ಮಕ್ಕಳಿಗೆ ಕೊಟ್ಟಿದ್ದರಂತೆ. ಹೆಸರು ಹೇಳದವನೊಬ್ಬ ಹೊಲಸು ಬೈದು ಫೋನು ಇಡುತ್ತಿದ್ದ, ಮರುದಿನ ಮತ್ತೆ ಮಾಡುತ್ತಿದ್ದ. ಪ್ರತಿ ಸಲವೂ ಹೊಸ ಅಧ್ಯಾಯದ ಬಗ್ಗೆ ಬೈಯುತ್ತಿದ್ದುದರಿಂದ ಅವನು ಪುಸ್ತಕವನ್ನು ನಿಷ್ಠೆಯಿಂದ ಓದುತ್ತಿದ್ದಾನೆಂದು ನನಗೆ ಖಾತ್ರಿಯಾಗಿತ್ತು. ಭಟ್ಕಳ ತಾಲೂಕಿನ ಒಬ್ಬ ತಾಯಿ ಮಾತ್ರ ದನಿ ತಗ್ಗಿಸಿ, ತಮ್ಮ ಮಗನೂ ಆ ಹುಡುಗರ ಹಾಗೆಯೇ ಎಂದು ತಿಳಿಸಿ ಕೇಳಿದರು.

“ಇದ್ಕೆ ಔಷಧ ಇತ್ತಾ ಅಕ್ಕಾ?”

“ಇದು ಕಾಯಿಲೆ ಅಲ್ಲವಲ್ಲ ಅಮ್ಮ.”

“ನಂಗೂ ಹಾಂಗೇ ಅನ್ಸ್ತು, ಓದ್ದ ಮೇಲೆ. ಹಂಗಾರೆ ಅವ್ನ ಹತ್ರ ಎಂತ ಮಾತಾಡೂದು ನಾನು?”

“ಊಟ ಮಾಡಿದ್ಯಾ ಅಂತ ಕೇಳಿ. ಮೊದಲು ಕೇಳ್ತಿದ್ದ ಹಾಗೇ.”

“ಆತು” ಎಂದು ಅವರು ಫೋನಿಟ್ಟರು.

ಈ ಪುಸ್ತಕಕ್ಕೆ ಮುನ್ನುಡಿ ಬರೆದವರು ನಮ್ಮ ಕಡೆ ಹೆಸರಾದ ನಿವೃತ್ತ ಕನ್ನಡ ಪ್ರಾಧ್ಯಾಪಕರು. ಯಾವ ಸಭೆಯಾದರೂ ನಡುವಿನ ಕುರ್ಚಿ ಅವರದು. ಅವರನ್ನು ಇಲ್ಲಿ ಮುನ್ನುಡಿಯವರು ಎಂದೇ ಕರೆಯುತ್ತೇನೆ. ಹಸ್ತಪ್ರತಿ ಓದಿದ ದಿನ ವಾಟ್ಸಾಪಿನಲ್ಲಿ ಧ್ವನಿ ಕಳಿಸಿದ್ದರು: “ಓದಿ ಮುಗಿಸಿ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದೇನೆ ಮೇಡಂ. ಕೊನೆಯ ಅಧ್ಯಾಯದಲ್ಲಿ ಕಣ್ಣು ತುಂಬಿತು. ಆ ಇಬ್ಬರು ಹುಡುಗರನ್ನು ಎದೆಗೆ ಹಾಕಿಕೊಳ್ಳದವನು ಓದುಗನೇ ಅಲ್ಲ.” ಇದೇ ಮಾತನ್ನು ಸ್ವಲ್ಪ ಅಲಂಕರಿಸಿ ಮುನ್ನುಡಿಯಲ್ಲಿಯೂ ಬರೆದರು. ನಾನು ಆ ಧ್ವನಿಯನ್ನು ಮನೆಯಲ್ಲಿ ಗಂಡನಿಗೆ ಎರಡು ಸಲ ಕೇಳಿಸಿದ್ದೆ.

ಹೊನ್ನಾವರದಲ್ಲಿ ಪುಸ್ತಕದ ಬಗ್ಗೆ ಓದುಗರ ಸಭೆ ನಡೆಯಿತು. ಸಭೆ ನಿಲ್ಲಿಸಲು ಕೆಲವರು ಬರುತ್ತಾರೆ ಎಂಬ ಸುದ್ದಿ ಬೆಳಗಿನಿಂದ ಹರಡಿತ್ತು. ಹಿಂದಿನ ಸಾಲಿನಲ್ಲಿ ಕೆಲವರು ಕೈಕಟ್ಟಿ ಕೂತಿದ್ದರು. ಅವರು ಕೊನೆಯವರೆಗೂ ಏನೂ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಆದರೆ ಮುನ್ನುಡಿಯವರು ಮಾತಿಗೆ ಎದ್ದಾಗ ಒಮ್ಮೆ ಅತ್ತ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಬಂದ ಮಾತು ಬೇರೆಯೇ.

“ಸಾಹಿತ್ಯ ಸಮಾಜವನ್ನು ತಿದ್ದಬೇಕು. ಎಳೆಯರ ಮನಸ್ಸು ಕೆಡಿಸಬಾರದು. ನನಗೆ ಹಸ್ತಪ್ರತಿ ಪೂರ್ತಿ ಸಿಕ್ಕಿರಲಿಲ್ಲ ಎಂಬುದನ್ನು ಈ ವೇದಿಕೆಯಿಂದ ಸ್ಪಷ್ಟಪಡಿಸುತ್ತೇನೆ.”

ನಾನು ಪಕ್ಕದಲ್ಲೇ ಕೂತಿದ್ದೆ. ಪ್ರಶ್ನೆಗಳ ಹೊತ್ತಿಗೆ ನಡುವಿನ ಸಾಲಿನಿಂದ ಒಬ್ಬ ಯುವಕ ಎದ್ದ. ಪದವಿಯ ಕೊನೆಯ ವರ್ಷದಲ್ಲಿದ್ದವನು. ಕೈಯಲ್ಲಿ ನನ್ನ ಪುಸ್ತಕ ಇತ್ತು, ಬಸ್ ಟಿಕೆಟ್ಟು ಗುರುತಿಗೆ ಸಿಕ್ಕಿಸಿದ್ದ.

“ಮೇಡಂ, ನಾಗೇಶ ಎಂತಕ್ಕೆ ಮುಂಬೈಗೆ ಹೋಗ್ಬೇಕು? ಅವ್ನು ಊರಲ್ಲೇ ಇದ್ರೆ ಎಂತ ಆತಿತ್ತು?”

ಅಷ್ಟು ದಿನಗಳಲ್ಲಿ ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ನಾನು ಮೈಕಿಗೆ ಕೈ ಚಾಚಿದೆ. ಮುನ್ನುಡಿಯವರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

“ಯಾವೂರು ನಿಂದು?”

“ಮಂಕಿ, ಸರ್.”

“ಯಾರ ಮಗ?”

ಅವನು ಹೇಳಿದ.

“ಓಹೋ, ನಿನ್ನಪ್ಪ ನನ್ನ ಶಿಷ್ಯನೇ. ಅಲ್ಲ ತಮ್ಮಾ, ಇದು ಕಾದಂಬರಿಯ ಪ್ರಶ್ನೆಯೋ, ನಿನ್ನ ಸ್ವಂತದ್ದೋ?”

ಸಭೆ ನಕ್ಕಿತು. ಹಿಂದಿನ ಸಾಲಿನವರು ಮಾತ್ರವಲ್ಲ, ಮುಂದೆ ಕೂತ ಕವಿಗಳೂ ನಕ್ಕರು. ಯುವಕ ಕೂತುಕೊಂಡ. “ಪ್ರಶ್ನೆ ನನಗೆ ಕೇಳಿದ್ದು, ಉತ್ತರ ನಾನು ಕೊಡ್ತೇನೆ” ಎಂದು ನಾನು ಎದ್ದು ನಿಂತು ಹೇಳುವಾಗ ಮೈಕು ವಂದನಾರ್ಪಣೆಯವರ ಕೈಯಲ್ಲಿತ್ತು, ನನ್ನ ಮಾತು ಕುರ್ಚಿ ಸರಿಸುವ ಸದ್ದಿನಲ್ಲಿ ಹೋಯಿತು. ಕೆಳಗಿಳಿದು ಹುಡುಕಿದರೆ ಅವನು ಇರಲಿಲ್ಲ.

ಅದೇ ವಾರ ಸ್ಥಳೀಯ ವಾರಪತ್ರಿಕೆಯಲ್ಲಿ ಮುನ್ನುಡಿಯವರ ಹೇಳಿಕೆ ಬಂತು. ‘ಅಪೂರ್ಣ ಹಸ್ತಪ್ರತಿ ಕೊಟ್ಟು ನನ್ನಿಂದ ಮುನ್ನುಡಿ ಬರೆಸಿಕೊಳ್ಳಲಾಗಿದೆ. ಈ ಕೃತಿಯನ್ನು ಮಕ್ಕಳ ಕೈಗೆ ಕೊಡಬಾರದು. ನನ್ನ ಮುನ್ನುಡಿಯನ್ನು ಹಿಂಪಡೆದಿದ್ದೇನೆ.’ ಕುಮಟಾದ ಪುಸ್ತಕದ ಅಂಗಡಿಯವರು ಪ್ರತಿಗಳನ್ನು ಹಿಂದಕ್ಕೆ ಕಳಿಸಿದರು. ಭಟ್ಕಳದಲ್ಲಿ ನಡೆಯಬೇಕಿದ್ದ ಸಭೆ ರದ್ದಾಯಿತು. ಇದೆಲ್ಲ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಪುಸ್ತಕ ಮಾರುವವರ ಭಯ ನನಗೆ ಹೊಸದಲ್ಲ.

ಆದರೆ ಆ ಯುವಕನ ಪ್ರಶ್ನೆಗೆ ಉತ್ತರ ಹೇಳಬೇಕೆಂದು ಅವನ ಗೆಳೆಯರ ಮೂಲಕ ನಂಬರು ಪಡೆದು ಫೋನು ಮಾಡಿದರೆ ಸ್ವಿಚ್ ಆಫ್. ಕಾಲೇಜಿಗೂ ಬರುತ್ತಿಲ್ಲವೆಂದರು. ಒಂದು ಭಾನುವಾರ ಅವನ ಮನೆಗೆ ಹೋದೆ. ಅಂಗಳದಲ್ಲಿ ಸಿಗಡಿ ಒಣಹಾಕಿತ್ತು. ಅವನ ತಾಯಿ ಕಾಗೆ ಓಡಿಸುತ್ತ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ಒಳಗೆ ಹೋಗಿ ಪುಸ್ತಕ ತಂದು ನನ್ನ ಕೈಗೆ ತುರುಕಿದರು.

“ನಿಮ್ಮದೇ ಅಲ್ದಾ ಇದು? ತಕಂಡ್ ಹೋಗಿ.”

“ಎಂತಾಯ್ತು ಅಂತ ಹೇಳಿ ಅಮ್ಮ. ಆಮೇಲೆ ಹೋಗ್ತೆ.”

ಅವರು ಗಂಡ ಮನೆಯಲ್ಲಿ ಇಲ್ಲವೆಂದು ಬಾಗಿಲ ಕಡೆ ನೋಡಿ ಖಚಿತಮಾಡಿಕೊಂಡರು.

“ಆ ದಿನ ಸಭೇಲಿ ಮಾತಾಡಿದ್ ಮಾಸ್ತರ್ರು ಇವ್ರಿಗೆ ಫೋನ್ ಮಾಡಿದ್ರು. ನಿನ್ ಮಗ ಸಭೇಲಿ ಎದ್ ನಿಂತ್ಕಂಡಿ ಎಂತೆಂತದೋ ಕೇಳ್ತ. ಆ ನಮೂನಿ ಹುಡುಗ್ರ ಸಾಲಿಗೆ ಸೇರಿದ್ದ. ಈಗ್ಲೇ ನೋಡ್ಕ, ಇಲ್ದಿದ್ರೆ ಊರಲ್ಲಿ ತಲೆ ಎತ್ತೂಕ್ ಆಗೂದಿಲ್ಲ ಅಂದ್ರಂತೆ. ಇವ್ರು ಮಾಸ್ತರ್ರ ಮಾತಂದ್ರೆ ದೇವ್ರ ಮಾತು. ಬೆಲ್ಟ್ ತೆಗ್ದು ಹೊಡದ್ರು. ಅಡ್ಡ ಹೋದ್ದಕ್ಕೆ ನಂಗೂ ಬಿತ್ತು.” ಅವರು ಸೆರಗು ಸರಿಸಿ ಮೊಣಕೈ ತೋರಿಸಿದರು. “ಈಗ ಚಿಕ್ಕಪ್ಪನ ಬೋಟಿಗೆ ಹಾಕಿದ್ರು, ಭಟ್ಕಳದಲ್ಲಿ. ಪರೀಕ್ಷೆನೂ ಇಲ್ಲ ಎಂತ ಇಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬರಲಿಲ್ಲ. ಮುನ್ನುಡಿಯವರು ವೇದಿಕೆಯ ಮೇಲೆ ಹೆದರಿದ್ದು ನನಗೆ ಅರ್ಥವಾಗಿತ್ತು. ಆದರೆ ಮನೆಗೆ ಹೋಗಿ, ಕೈಕಾಲು ತೊಳೆದು, ಯಾರ ಒತ್ತಾಯವೂ ಇಲ್ಲದೆ ಹಳೆಯ ಶಿಷ್ಯನ ನಂಬರು ಹುಡುಕಿ ಆ ಫೋನು ಮಾಡಿದ್ದು ಹೆದರಿಕೆಯಿಂದಲ್ಲ. ಹಿಂದಿನ ಸಾಲಿನವರು ಮುಟ್ಟದೆ ಬಿಟ್ಟವನನ್ನು ಇವರು ಹುಡುಕಿಕೊಂಡು ಹೋಗಿ ಹೊಡೆಸಿದರು. ಈ ಮನುಷ್ಯ ನಡುವಿನ ಕುರ್ಚಿಯಿಂದ ಕೆಳಗೆ ಬೀಳುವುದನ್ನು ನಾನು ನೋಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಗಂಡನಿಗೆ ಹೇಳಿದಾಗ ಅವರು ಪೇಪರು ಮಡಚಿಟ್ಟರು. “ಬಿಟ್ಟಾಕು ಮಾರಾಯ್ತಿ. ಎಂತಕ್ಕೆ ಅಂಥವರ ಸುದ್ದಿ ನಿಂಗೆ?”

“ಆನು ಬಿಡ್ತ್ನಿಲ್ಲೆ” ಎಂದೆ, ಬಿಡುವವಳಲ್ಲ ನಾನು. ನನ್ನ ದನಿ ಹೇಗಿತ್ತೋ, ಅವರು ಮತ್ತೆ ಆ ಮಾತು ಎತ್ತಲಿಲ್ಲ.

ನನ್ನ ಕೈಯಲ್ಲಿದ್ದ ಆಯುಧ ಒಂದೇ, ಪುಟ ಕಟ್ಟುವುದು. ಎರಡನೆಯ ಮುದ್ರಣ ತರಬೇಕು, ಅದರ ಕೊನೆಗೆ ಓದುಗರ ಪ್ರತಿಕ್ರಿಯೆಗಳನ್ನೆಲ್ಲ ಸೇರಿಸಬೇಕು, ಹೊಗಳಿಕೆ, ಬೈಗಳು, ಇಳಿತದ ತಕರಾರು, ಎಲ್ಲವನ್ನೂ. ಅದರ ನಡುವೆ ಮುನ್ನುಡಿಯವರ ಎರಡೂ ಮಾತನ್ನು ಇಡಬೇಕು. ಕೆಳಗೆ ನನ್ನದೊಂದು ಟಿಪ್ಪಣಿಯೂ ಬೇಡ.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಧ್ವನಿಗಳನ್ನು ಮತ್ತೆ ಮತ್ತೆ ಕೇಳಿ ಅಕ್ಷರಕ್ಕಿಳಿಸಬೇಕು. ಮಾತಾಡುವಾಗ ಜನ ವಾಕ್ಯ ಮುಗಿಸುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಎಷ್ಟು ತಿದ್ದಬೇಕು ಎಂಬುದೇ ದೊಡ್ಡ ತಲೆನೋವು. ಮೊದಲ ಮುದ್ರಣದ ಕಡತ ಹಳೆಯ ಫಾಂಟಿನಲ್ಲಿತ್ತು, ಹೊಸದಕ್ಕೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಚದುರಿ ಹೋದವು. ‘ಪ್ರೀತಿ’ ಎಂಬ ಶಬ್ದ ಇಡೀ ಪುಸ್ತಕದಲ್ಲಿ ‘ಪೀತಿ’ ಆಗಿ, ಒಂದೊಂದನ್ನೂ ಕೈಯಿಂದ ಸರಿಮಾಡಿದೆ. ಮುದ್ರಣದವರಿಗೆ ಪುಟಗಳು ಹದಿನಾರರ ಕಟ್ಟಿನಲ್ಲಿ ಬೇಕು. ಪ್ರತಿಕ್ರಿಯೆಗಳು ಒಂದು ಕಟ್ಟು ಮೀರಿ ಇನ್ನೊಂದಕ್ಕೆ ಅರೆಬರೆ ಚಾಚಿಕೊಂಡವು.

ಒಂದು ನಿಯಮ ಮಾಡಿಕೊಂಡೆ. ಯಾರ ಮಾತನ್ನೂ ಅವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ. ಜೋಡಿಸಿದ ಮೇಲೆ ಫೋನಿನಲ್ಲಿ ಓದಿ ಹೇಳಬೇಕು, ಇಲ್ಲವೇ ಪ್ರೂಫ್ ಕಳಿಸಬೇಕು, ಬೇಡವೆಂದರೆ ತೆಗೆಯಬೇಕು. ಎಲ್ಲವೂ ಬಂದ ಕ್ರಮದಲ್ಲೇ ಇರಬೇಕು. ಭಟ್ಕಳ ಕಡೆಯ ಆ ತಾಯಿ ತಮ್ಮ ಮಾತು ಕೇಳಿ, “ಊರ್ ತೆಗೀರಿ ಅಕ್ಕಾ, ಕೇರಿಯವ್ರಿಗೆ ಗೊತ್ತಾತದೆ. ಮಾತು ಇರ್ಲಿ” ಎಂದರು. “ಈಗ ಅವ್ನೇ ಕೇಳ್ತ, ಅಮ್ಮಾ ನಿಂದು ಊಟ ಆತಾ ಅಂತ” ಎಂದೂ ಸೇರಿಸಿದರು. ಬೈಯುವವನಿಗೂ ಫೋನು ಮಾಡಿ ಅವನ ಬೈಗಳನ್ನು ಅವನಿಗೇ ಓದಿ ಹೇಳಿದೆ. ಅರ್ಧಕ್ಕೇ ಕರೆ ಕತ್ತರಿಸಿದ. ಹಾಗಾಗಿ ಅವನದು ಪುಸ್ತಕದಲ್ಲಿಲ್ಲ.

ಇದೇ ನಿಯಮದಿಂದ ನಾನೇ ಸಿಕ್ಕಿಬಿದ್ದೆ. ಮುನ್ನುಡಿಯವರ ಧ್ವನಿ ಖಾಸಗಿಯಾಗಿ ಕಳಿಸಿದ್ದು. ಮುನ್ನುಡಿಯನ್ನು ಹಿಂಪಡೆದಿದ್ದರು. ಅವರ ಒಪ್ಪಿಗೆ ಎಲ್ಲಿಂದ ತರುವುದು? ಅವರೊಬ್ಬರಿಗೆ ಮಾತ್ರ ನಿಯಮ ಮುರಿದರೆ, ಅವರು ಎಲ್ಲರೆದುರು ತಾವು ಮೋಸಹೋದವರೆಂದು ಹೇಳಿಕೊಂಡು ಮತ್ತೆ ನಡುವಿನ ಕುರ್ಚಿಯಲ್ಲಿ ಕೂರುತ್ತಾರೆ. ಅವರ ಮಾತಿನ ಎರಡು ಪುಟ ಖಾಲಿ ಬಿಟ್ಟು ಉಳಿದ ಕೆಲಸ ಮುಂದುವರಿಸಿದೆ.

ಅಷ್ಟರಲ್ಲಿ ನಿರೀಕ್ಷೆಯೇ ಇಲ್ಲದ ಒಂದು ಸುದ್ದಿ ಬಂತು. ಒಂದು ವಿಶ್ವವಿದ್ಯಾಲಯದವರು ನನ್ನ ಕಾದಂಬರಿಯನ್ನು ಪದವಿ ತರಗತಿಗೆ ಐಚ್ಛಿಕ ಪಠ್ಯವಾಗಿ ಆರಿಸಿದ್ದರು. ಪತ್ರಿಕೆಯಲ್ಲಿ ಬಂದ ದಿನವೇ ಮುನ್ನುಡಿಯವರ ಫೋನು.

“ಅಭಿನಂದನೆ ಮೇಡಂ! ನಾನು ಮೊದಲೇ ಹೇಳಿರಲಿಲ್ಲವೇ? ಈ ಪುಸ್ತಕದ ಬೆನ್ನಿಗೆ ಮೊದಲ ದಿನದಿಂದ ನಿಂತವನು ನಾನೊಬ್ಬನೇ. ನಡುವೆ ಕೆಲವರ ಒತ್ತಡದಿಂದ ಏನೋ ಗೊಂದಲವಾಯಿತು, ಬಿಡಿ. ಎರಡನೆಯ ಮುದ್ರಣ ಬರುತ್ತಿದೆಯಂತೆ?”

“ಹೌದು ಸರ್.”

“ನನ್ನ ಮುನ್ನುಡಿ ಇರುತ್ತದಲ್ಲ? ಪಠ್ಯವಾದ ಮೇಲೆ ಮಕ್ಕಳಿಗೆ ಪ್ರವೇಶಿಕೆ ಬೇಕಾಗುತ್ತದೆ.”

ಖಾಲಿ ಬಿಟ್ಟ ಪುಟಗಳು ನೆನಪಾದವು. ಮೆತ್ತಗೆ ಹೇಳಿದೆ: “ಮುನ್ನುಡಿ ಮಾತ್ರ ಯಾಕೆ ಸರ್? ಈ ಪುಸ್ತಕದ ಬಗ್ಗೆ ನೀವು ಹೇಳಿದ್ದು, ಬರೆದದ್ದು, ಈಗ ಆಡಿದ ಮಾತು, ಎಲ್ಲವನ್ನೂ ಬಂದ ಕ್ರಮದಲ್ಲೇ ಹಾಕುತ್ತೇನೆ. ಒಂದನ್ನೂ ಬಿಡುವುದಿಲ್ಲ. ಎಲ್ಲ ಓದುಗರಿಂದಲೂ ಒಪ್ಪಿಗೆ ಪಡೆಯುತ್ತಿದ್ದೇನೆ. ನೀವೂ ಒಂದು ಸಾಲು ಕಳಿಸಿಬಿಡಿ.”

“ಈಗಲೇ ಕಳಿಸುತ್ತೇನೆ” ಎಂದರು. ಕಳಿಸಿದರು. ‘ಈ ಕೃತಿಯ ಕುರಿತು ನಾನು ಇದುವರೆಗೆ ಬರೆದ ಹಾಗೂ ಆಡಿದ ಎಲ್ಲ ಮಾತುಗಳನ್ನು ಪ್ರಕಟಿಸಲು ನನ್ನ ಸಂತೋಷದ ಸಮ್ಮತಿ ಇದೆ.’ ಸಂತೋಷದ ಎಂಬ ಶಬ್ದ ಅವರೇ ಸೇರಿಸಿದ್ದು.

ಆ ಸಂಜೆಯೇ ಜೋಡಿಸಿದೆ, ಮುನ್ನುಡಿಯನ್ನು ಪುಸ್ತಕದ ಮೊದಲಿಗೆ, ಉಳಿದದ್ದನ್ನು ಕೊನೆಗೆ. ಮೊದಲು ಕಣ್ಣು ತುಂಬಿದ ಧ್ವನಿ. ಆಮೇಲೆ ಹೊನ್ನಾವರದ ಸಭೆಯ ಮಾತು ಮತ್ತು ವಾರಪತ್ರಿಕೆಯ ಹೇಳಿಕೆ. ಮೂರನೆಯದು, ಮೊದಲ ದಿನದಿಂದ ಬೆನ್ನಿಗೆ ನಿಂತೆನೆಂಬ ಮಾತು. ಒಂದೇ ಅಕ್ಷರದಳತೆ, ಒಂದೇ ಅಂಚು. ಎಲ್ಲರಿಗೂ ಕಳಿಸುವಂತೆ ಅವರಿಗೂ ಪ್ರೂಫ್ ಕಳಿಸಿದೆ, ‘ದಯವಿಟ್ಟು ಪೂರ್ತಿ ಓದಿ ತಿಳಿಸಿ’ ಎಂದು ಬರೆದೆ. ಕೂಡಲೇ ವಾಟ್ಸಾಪಿನಲ್ಲಿ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು. ತೆರೆದು ಓದುವಷ್ಟು ಹೊತ್ತು ಆಗಿರಲಿಲ್ಲ. ಮರುದಿನ ಮತ್ತೆ ಕೇಳಿದೆ, “ಓದಿದಿರಾ ಸರ್?” “ನಿಮ್ಮ ಕೆಲಸದ ಮೇಲೆ ನನಗೆ ವಿಶ್ವಾಸ ಇದೆ” ಎಂದರು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಾಲ್ಕನೆಯದೊಂದು ಪುಟ ಜೋಡಿಸಿದೆ. ಮಂಕಿಯ ತಾಯಿ ಹೇಳಿದ ಆ ಫೋನಿನ ಮಾತು, ಶಬ್ದ ಶಬ್ದ. ಅದೂ ಈ ಕೃತಿಯ ಬಗ್ಗೆ ಅವರು ಆಡಿದ ಮಾತೇ ಅಲ್ಲವೇ? ಉಳಿದ ಮೂರು ಅವರ ಮಾನ ಕಳೆಯುತ್ತವೆ, ಇದು ಅವರನ್ನು ಮುಗಿಸುತ್ತದೆ ಎಂದು ನನಗೆ ಗೊತ್ತಿತ್ತು. ಆ ಪುಟದ ಮೇಲೆ ನಾನು ಉಳಿದ ಯಾವ ಪುಟದ ಮೇಲೂ ಪಡದಷ್ಟು ಶ್ರಮಪಟ್ಟೆ. ಆದರೆ ನಿಯಮ ನಿಯಮವೇ. ಅದನ್ನು ಮುದ್ರಿಸಿಕೊಂಡು ಭಟ್ಕಳಕ್ಕೆ ಹೋದೆ.

ಬಂದರಿನಲ್ಲಿ ಬೋಟುಗಳು ಬಂದು ನಿಂತಿದ್ದವು. ಮಂಕಿಯ ಯುವಕ ಬುಟ್ಟಿಗಳಿಗೆ ಮೀನು ವಿಂಗಡಿಸುತ್ತಿದ್ದ. ನನ್ನನ್ನು ಗುರುತಿಸಿ, ಕೈ ತೊಳೆದು, ಐಸು ತುಂಬುವ ಷೆಡ್ಡಿನ ನೆರಳಿಗೆ ಬಂದ. ಮೈ ಕಪ್ಪಾಗಿತ್ತು, ಮುಖ ಇಳಿದಿತ್ತು. ನಾನು ಕೊಟ್ಟ ಪುಟವನ್ನು ಒದ್ದೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು ಓದಿದ.

“ಇದ್ನ ತೆಗೀರಿ ಮೇಡಂ.”

“ನಿನ್ನ ಹೆಸರು ಹಾಕೂದಿಲ್ಲ. ಊರೂ ಇಲ್ಲ.”

“ಹೆಸ್ರು ಯಾಕೆ ಬೇಕು? ಆ ದಿನ ಸಭೇಲಿ ಇದ್ದವ್ರಿಗೆಲ್ಲ ಗೊತ್ತಿತ್ತು. ಅಪ್ಪಂಗೆ ಗೊತ್ತಾತದೆ. ಅಮ್ಮ ಹೇಳಿದ್ದು ಅಂತ್ಲೂ ಗೊತ್ತಾತದೆ.”

“ಅವರು ಮಾಡಿದ್ದು ಜನಕ್ಕೆ ತಿಳೀಬೇಕಲ್ಲ. ನಿಂಗೆ ಸಿಟ್ಟು ಇಲ್ವಾ?”

“ಸಿಟ್ಟಾ?” ಅವನು ಬೋಟಿನ ಕಡೆ ನೋಡಿದ. “ನಿಮ್ಗಿಂತ ಜಾಸ್ತಿಯೇ. ನೀವು ಎಂತ ಬೇಕಾದ್ರೂ ಮಾಡಿ ಅವ್ರಿಗೆ, ನಂಗೆ ಖುಷಿಯೇ. ಆದ್ರೆ ನನ್ ಬೆನ್ನ ಮೇಲೆ ನಿಂತ್ಕಂಡ್ ಮಾಡ್ಬೇಡಿ. ಅಲ್ಲಿ ಇನ್ನೂ ನೋವು ಹೋಗ್ಲಿಲ್ಲ.”

ನಾನು ಪುಟ ವಾಪಸು ತೆಗೆದುಕೊಂಡೆ. ಮಡಚುವಾಗ ಆದದ್ದು ನಾಚಿಕೆಯಲ್ಲ, ಅಷ್ಟು ಚಂದದ ಏಟು ತಪ್ಪಿಹೋಯಿತಲ್ಲ ಎಂಬ ಸಂಕಟ. ಹರಿದು ಅಲ್ಲೇ ಕಸದ ಡಬ್ಬಿಗೆ ಹಾಕಿದೆ.

“ನನ್ ಪ್ರಶ್ನೆ ಹಾಕಿ ಬೇಕಾದ್ರೆ. ಅದು ಎಲ್ಲರೆದ್ರು ಕೇಳಿದ್ದು, ಅದ್ಕೆ ಅಡ್ಡಿಲ್ಲ” ಎಂದ. “ಉತ್ರ ಸಿಗ್ಲಿಲ್ಲ.”

“ನಾಗೇಶ ಊರಲ್ಲಿ ಉಳಿದ್ರೆ ಎಂತಾಗ್ತದೆ ಅಂತ ಬರೆಯುವಾಗ ನಂಗೆ ಕಾಣ್ತಾ ಇರಲಿಲ್ಲ. ಅದಕ್ಕೇ ಕಳಿಸಿದೆ.”

“ಈಗ ಕಂಡ್ತಲ್ಲ” ಎಂದು ಬುಟ್ಟಿಗಳ ಕಡೆ ಕೈ ಮಾಡಿ ನಕ್ಕ. ಆ ನಗು ಕೇಳಿ ನನಗೆ ಮುನ್ನುಡಿಯವರ ಮೇಲಿನ ಸಿಟ್ಟು ಇಮ್ಮಡಿಯಾಯಿತು. ಮೂರು ಮಾತೇ ಸಾಕು, ಅದರಲ್ಲೇ ಮಾಡುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ. ಅವನ ಪ್ರಶ್ನೆ ಸೇರಿಸಿದ ಹೊಸ ಪ್ರೂಫನ್ನೂ ಮುನ್ನುಡಿಯವರಿಗೆ ಕಳಿಸಿದೆ; ಅದಕ್ಕೂ ಹೆಬ್ಬೆರಳೇ ಬಂತು.

ಬಿಡುಗಡೆ ಕುಮಟಾದಲ್ಲಿ. ಪಠ್ಯವಾದ ಪುಸ್ತಕವೆಂದು ಈ ಸಲ ಸಭಾಂಗಣ ತುಂಬಿತ್ತು. ಮುನ್ನುಡಿಯವರು ಮುಖ್ಯ ಅತಿಥಿ. ಇಸ್ತ್ರಿ ಮಾಡಿದ ಜುಬ್ಬಾ, ಭುಜದ ಮೇಲೆ ಶಾಲು. ನಾನು ನಿರೂಪಣೆ ಮಾಡುತ್ತಿದ್ದೆ.

“ಈ ಕೃತಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡಿದವರು ನಮ್ಮ ಸರ್. ಪುಸ್ತಕದಲ್ಲಿರುವ ತಮ್ಮ ಮಾತುಗಳನ್ನು ಅವರೇ ಓದಬೇಕೆಂದು ವಿನಂತಿ.” ಪುಟ ತೆರೆದು ಕೈಗೆ ಕೊಟ್ಟೆ.

ಅವರು ಮೊದಲನೆಯದನ್ನು ತುಂಬು ಕಂಠದಲ್ಲಿ ಓದಿದರು. ಕಣ್ಣು ತುಂಬಿತು ಎಂಬಲ್ಲಿ ದನಿ ಸ್ವಲ್ಪ ನಡುಗಿಸಿದರು. ಚಪ್ಪಾಳೆ ಬಿತ್ತು. ಪುಟ ತಿರುಗಿಸಿ ಅದೇ ಓಟದಲ್ಲಿ, “ಸಾಹಿತ್ಯ ಸಮಾಜವನ್ನು ತಿದ್ದಬೇಕು. ಎಳೆಯರ ಮನಸ್ಸು...” ಎಂದು ಓದಿ ನಿಂತರು. ಕಣ್ಣು ಕೆಳಗಿನ ಸಾಲುಗಳ ಮೇಲೆ ಓಡುತ್ತಿದ್ದುದು ಮುಂದಿನ ಸಾಲಿಗೂ ಕಾಣುತ್ತಿತ್ತು. ಅಲ್ಲಿ ಯುವಕನ ಪ್ರಶ್ನೆ ಇತ್ತು. ಅದರ ಕೆಳಗೆ ‘ಇದು ಕಾದಂಬರಿಯ ಪ್ರಶ್ನೆಯೋ, ನಿನ್ನ ಸ್ವಂತದ್ದೋ?’ ಇತ್ತು. ಅದರ ಕೆಳಗೆ, ಆವರಣದಲ್ಲಿ, ‘ಸಭೆಯಲ್ಲಿ ನಗು’.

ಅವರು ಕೆಮ್ಮಿದರು. ನೀರು ಕೇಳಿದರು. ನಾನೇ ಕೊಟ್ಟೆ.

“ಮುಂದೆ ಓದಿ ಸರ್” ಎಂದು ಹೆಂಗಸಿನ ದನಿ ಬಂತು. ಸಭೆಯ ಅರ್ಧದಷ್ಟು ಜನ ಆಗಲೇ ಪುಸ್ತಕ ಕೊಂಡು ಕೂತಿದ್ದರು. ಪುಟ ಮಗುಚುವ ಸದ್ದು ಸಾಲಿನಿಂದ ಸಾಲಿಗೆ ಹರಿಯಿತು. ಒಬ್ಬರು ಪಕ್ಕದವರಿಗೆ ಬೆರಳಿಟ್ಟು ತೋರಿಸಿದರು. ಮೂರನೆಯ ಮಾತು ತಲುಪಿದವರು ನಗತೊಡಗಿದರು. ಒಂದು ಕಡೆ ಶುರುವಾದ ನಗು ಇಡೀ ಸಭಾಂಗಣ ತುಂಬಿತು. ಆ ಕವಿಗಳೂ ಇದ್ದರು, ಅವರೂ ನಕ್ಕರು. ಅವರು ಯಾವಾಗಲೂ ನಗುವವರೇ.

“ಇದು ಮೋಸ” ಎಂದರು ಮುನ್ನುಡಿಯವರು, ಮೈಕು ಮುಚ್ಚಿಕೊಂಡು, ನನಗೆ ಮಾತ್ರ ಕೇಳುವಂತೆ.

“ನಿಮ್ಮ ಸಂತೋಷದ ಸಮ್ಮತಿ ಇದೆ ಸರ್. ಪ್ರೂಫನ್ನೂ ಕಳಿಸಿದ್ದೆ.”

ಅವರು ಪುಸ್ತಕ ಮೇಜಿನ ಮೇಲಿಟ್ಟು ಪಕ್ಕದ ಬಾಗಿಲಿನಿಂದ ಇಳಿದು ಹೋದರು. ಶಾಲು ಕುರ್ಚಿಯಲ್ಲೇ ಉಳಿಯಿತು. ನನಗೆ ಆ ಗಳಿಗೆ ಸಿಹಿಯಾಗಿತ್ತು. ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ಬರೆಯುವವರು ಬರೆಯಲಿ. ನನಗೆ ಹಾಗಾಗಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ.

ಆಮೇಲಿನ ಆಮಂತ್ರಣಗಳಲ್ಲಿ ಅವರ ಹೆಸರು ಕಾಣುವುದು ಕಡಿಮೆಯಾಯಿತು. ಆ ಪತ್ರಿಕೆಗಳನ್ನು ಜೋಡಿಸುವವಳು ನಾನೇ ಆದ್ದರಿಂದ ಎಲ್ಲರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಮಳೆಗಾಲ ಕಳೆದ ಮೇಲೆ ಅವರ ಫೋನು ಬಂತು. ಈ ಸಲ ದನಿಯಲ್ಲಿ ಸಭೆ ಇರಲಿಲ್ಲ.

“ಮೇಡಂ, ನನ್ನ ಮೊಮ್ಮಗಳಿಗೆ ನಿಮ್ಮ ಪುಸ್ತಕ ಪಠ್ಯ. ತರಗತಿಯಲ್ಲಿ ಆ ಪುಟಗಳನ್ನು ಓದಿಸಿದರಂತೆ. ಇವರು ನಿನ್ನ ಅಜ್ಜನೇ ಅಲ್ಲವಾ ಎಂದು ಯಾರೋ ಕೇಳಿದರಂತೆ. ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಮುಂದಿನ ಮುದ್ರಣದಲ್ಲಿ ತೆಗೆಯಬಹುದೇ?”

“ನೀವು ಮೊದಲು ಒಂದು ಫೋನು ಮಾಡಬೇಕು ಸರ್. ಯಾರಿಗೆ ಎಂದು ನಿಮಗೆ ಗೊತ್ತಿದೆ.”

“ಅದು ನಿಮಗೆ ಹೇಗೆ...”

“ಹೇಗೋ ಗೊತ್ತಾಯಿತು. ಆ ದಿನ ಆಡಿದ್ದು ತಪ್ಪು ಎಂದು ಹೇಳಿ. ನಿಮ್ಮ ಮಾತನ್ನು ಅವರು ಈಗಲೂ ದೇವರ ಮಾತು ಎಂದೇ ತಿಳಿಯುತ್ತಾರೆ. ಆಮೇಲೆ ಪುಟದ ವಿಷಯ ಮಾತಾಡೋಣ.”

ಮಾಡುತ್ತಾರೆಂದು ನಾನು ನಂಬಿರಲಿಲ್ಲ. ಕೆಲವು ದಿನಗಳ ಮೇಲೆ ಯುವಕನೇ ಫೋನು ಮಾಡಿದ.

“ಅಪ್ಪಂಗೆ ಮಾಸ್ತರ್ರ ಫೋನ್ ಬಂದಿತ್ತು ಮೇಡಂ. ಎಂತ ಹೇಳಿದ್ರೋ ಗೊತ್ತಿಲ್ಲ. ಅಪ್ಪ ಫೋನಿಟ್ಟು ಸುಮ್ನೆ ಜಗಲಿ ಮೇಲೆ ಕೂತಿದ್ರು. ಆಮೇಲೆ ನನ್ ಮುಖ ನೋಡ್ದೇ ಕೇಳಿದ್ರು, ಪರೀಕ್ಷೆ ಮತ್ತೆ ಬರೀಬಹುದಾ ಅಂತ.”

“ನೀನು ಎಂತ ಹೇಳಿದೆ?”

“ಬರೀತೆ ಅಂದೆ. ಅಷ್ಟೇ. ಬೇರೆ ಎಂತ ಮಾತಿಲ್ಲ ಇನ್ನೂ.”

ಈಗ ಅವನು ಪರೀಕ್ಷೆ ಮುಗಿಸಿ ಕೆಲಸದಲ್ಲಿದ್ದಾನೆ. ಇದನ್ನು ಬರೆಯುವ ಮೊದಲು ಅವನನ್ನೂ ಅವನ ತಾಯಿಯನ್ನೂ ಕೇಳಿದೆ. “ಈಗ ಅಡ್ಡಿಲ್ಲ, ಊರೊಂದ್ ಬದ್ಲಿ ಮಾಡಿ” ಎಂದರು. ಅವನ ಊರು ಮಂಕಿ ಅಲ್ಲ.

ಮೂರನೆಯ ಮುದ್ರಣದ ಕೆಲಸ ಹಿಡಿದಾಗ ಮುನ್ನುಡಿಯವರು ನೆನಪಿಸಿದರು. ನೀವು ಹೇಳಿದ ಫೋನು ಮಾಡಿದ್ದೆನಲ್ಲ, ಪುಟದ ವಿಷಯ ಮಾತಾಡೋಣ ಎಂದಿದ್ದಿರಿ ಎಂದರು. ನಾನು ಮಾತಾಡಿದೆ. ಬೇಡವೆಂದರೆ ತೆಗೆಯಬೇಕೆಂಬ ನನ್ನ ನಿಯಮವನ್ನು ಮುರಿದೇ, ತೆಗೆಯುವುದಿಲ್ಲ ಎಂದೆ. ಪುಸ್ತಕ ಕಳೆದ ತಿಂಗಳು ಅಚ್ಚಾಗಿ ಬಂದಿದೆ. ಅವರಿಗೂ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೇನೆ.